ದಿವಾಳಿ ಅರ್ಜಿ ಹಾಕಿದ ಮೇಲೂ ಕ್ರೆಡಿಟ್ ಕಾರ್ಡ್ ಬ್ಯಾಂಕಿನವರು ದಾವೆ ಹೂಡಿದ್ದಾರೆ: ಉತ್ತರ ಕೊಡುವುದು ಹೇಗೆ?

ಹೇಮಾವತಿ ತೀರ, ಫ್ರೀಮಾಂಟ್ | 2026 ಜನವರಿ 29

ಎಲ್ಲರಿಗೂ ನಮಸ್ಕಾರ. ನಾಲ್ಕು ಜನರ ಮುಂದೆ ಸಾಲದ ಮಾತು ಎತ್ತುವುದು ನಮ್ಮಲ್ಲಿ ಯಾರಿಗೂ ಸುಲಭವಲ್ಲ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಕೊನೆಗೆ ಬರೆಯುತ್ತಿದ್ದೇನೆ.

ಕಳೆದ ವರ್ಷ ಜುಲೈ 11ರಂದು ನನ್ನ ಕೆಲಸ ಹೋಯಿತು. ಅದಾಗಿ ಹದಿನೈದು ದಿನಕ್ಕೆ ಹಾಸನದಲ್ಲಿದ್ದ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಹೊಡೆಯಿತು. ಜುಲೈ 27ರಂದು ನನಗೂ ನನ್ನ ಹೆಂಡತಿಗೂ ಬೆಂಗಳೂರಿಗೆ ಕ್ರೆಡಿಟ್ ಕಾರ್ಡಿನಲ್ಲಿ ವಿಮಾನದ ಟಿಕೆಟ್ ತೆಗೆದೆ, 3,460 ಡಾಲರ್ ಆಯಿತು. ಮರುದಿನ ಅದೇ ಕಾರ್ಡಿನಿಂದ 2,000 ಡಾಲರ್ ನಗದು ಮುಂಗಡ ಪಡೆದು, ಆಸ್ಪತ್ರೆಗೆ ಕಟ್ಟಲೆಂದು ತಮ್ಮನಿಗೆ ಕಳುಹಿಸಿದೆ. ಆಗಸ್ಟ್ 3ರಂದು ತಂದೆ ತೀರಿಕೊಂಡರು. ಆಗಸ್ಟ್ 15ರ ವೈಕುಂಠ ಸಮಾರಾಧನೆಗೆ ಸಮುದಾಯ ಭವನದ ಬಾಡಿಗೆ ಮತ್ತು ಅಡುಗೆಯವರ ಲೆಕ್ಕ ಸೇರಿ 96,000 ರೂಪಾಯಿಯನ್ನೂ ಕಾರ್ಡಿನಲ್ಲೇ ಕೊಟ್ಟೆ; ಸ್ಟೇಟ್‌ಮೆಂಟಿನಲ್ಲಿ ಅದು 1,097 ಡಾಲರ್ ಎಂದು ಬಂದಿದೆ. ಹಿಂದಿರುಗಿದ ಮೇಲೆ ಸೆಪ್ಟೆಂಬರ್ 6ರಂದು 1,240 ಡಾಲರಿನ ಒಂದು ಲ್ಯಾಪ್‌ಟಾಪ್ ಕೊಂಡೆ. ಸೆಪ್ಟೆಂಬರ್ 22ರಂದು ಮೊದಲ ಸಲ ದಿವಾಳಿ ವಕೀಲರನ್ನು ಕಂಡೆ, ಅಕ್ಟೋಬರ್ 14ರಂದು ಚಾಪ್ಟರ್ 7 (ಸಾಲ ಮನ್ನಾ ಕೋರುವ ಅಮೆರಿಕದ ದಿವಾಳಿ ವಿಧಾನ) ಅರ್ಜಿ ಸಲ್ಲಿಕೆಯಾಯಿತು. ಈ ನಡುವೆ ಸೆಪ್ಟೆಂಬರ್ 27ರಂದು ನವರಾತ್ರಿಗೆಂದು ಮಗಳಿಗೆ 318 ಡಾಲರಿನ ಬಟ್ಟೆ ತೆಗೆದದ್ದೂ ಇದೇ ಕಾರ್ಡಿನಲ್ಲಿ.

ಡಿಸೆಂಬರಿನಲ್ಲಿ ಬ್ಯಾಂಕಿನ ವಕೀಲರಿಂದ, 5,500 ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳದಿದ್ದರೆ ದಾವೆ ಹೂಡುತ್ತೇವೆ ಎಂಬ ಪತ್ರ ಬಂದಿತ್ತು. ನಾನು ಅದಕ್ಕೆ ಉತ್ತರಿಸಲಿಲ್ಲ. ಮೊನ್ನೆ ಜನವರಿ 27ರಂದು ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಮೇಲೆ ಸೂಚಿಸಿದ ಐದೂ ಖರ್ಚು ಸೇರಿ 8,115 ಡಾಲರನ್ನು ನಾನು ವಂಚನೆಯಿಂದ ಪಡೆದಿದ್ದೇನೆ, ಆದ್ದರಿಂದ ಅದು ಮನ್ನಾ ಆಗಬಾರದು ಎಂದು ವಾದಪತ್ರದಲ್ಲಿದೆ. ವಂಚನೆ ಎಂಬ ಪದವನ್ನು ನನ್ನ ಹೆಸರಿನ ಪಕ್ಕದಲ್ಲಿ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ವಕೀಲರು, ಇದು ಮೊದಲಿನ ಶುಲ್ಕದಲ್ಲಿ ಸೇರಿಲ್ಲ, ಬೇರೆ 4,500 ಡಾಲರ್ ಆಗುತ್ತದೆ ಎನ್ನುತ್ತಾರೆ. ಸಾಲದಾತರ ಸಭೆ, ಅಂದರೆ ಸಾಲ ಕೊಟ್ಟವರು ನನ್ನನ್ನು ಪ್ರಶ್ನಿಸಬಹುದಾದ ಸಭೆ, ನವೆಂಬರ್ 18ರಂದು ನಡೆದಿತ್ತು. ಅಲ್ಲಿಂದ 60 ದಿನ ಎಣಿಸಿದರೆ ಬ್ಯಾಂಕಿನವರು ದಾವೆ ಹೂಡುವ ಗಡುವು ಜನವರಿ 17ಕ್ಕೆ ಮುಗಿಯುತ್ತದೆ, ದಾವೆ ದಾಖಲಾದದ್ದು ಜನವರಿ 20ರಂದು. ಮೂರು ದಿನ ತಡವಾಯಿತೆಂದು ಇದನ್ನು ವಜಾ ಮಾಡಿಸಬಹುದೇ? ಹಾಗೆಯೇ ಲಕೋಟೆ ಬಂದ ದಿನದಿಂದ 30 ದಿನ, ಅಂದರೆ ಫೆಬ್ರವರಿ 26ರವರೆಗೆ ಉತ್ತರಕ್ಕೆ ಸಮಯವಿದೆ ಎಂದುಕೊಂಡಿದ್ದೇನೆ, ಸರಿಯೇ?

ಮಂಡ್ಯದವ, ಕೊಲಂಬಸ್ | ಜನವರಿ 29

ಸರ್, ನಿಮ್ಮ ಕಾನೂನಿನ ಪ್ರಶ್ನೆಗಳಿಗೆ ತಿಳಿದವರು ಉತ್ತರಿಸಲಿ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇಷ್ಟನ್ನು ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ನನಗೂ ಇಂಥದೇ ಲಕೋಟೆ ಬಂದಿತ್ತು. ಅದೇ ವಾರ ನ್ಯಾಯಾಲಯದಿಂದ ಡಿಸ್ಚಾರ್ಜ್ (ಸಾಲ ಮನ್ನಾ) ಆದೇಶವೂ ಬಂದದ್ದರಿಂದ, ಸಾಲವೆಲ್ಲ ಮುಗಿಯಿತಲ್ಲ, ಇದು ಹಳೆಯ ಕಾಗದವಿರಬೇಕು ಎಂದು ಲಕೋಟೆಯನ್ನು ಮೇಜಿನ ಖಾನೆಯಲ್ಲಿಟ್ಟೆ. ಡಿಸ್ಚಾರ್ಜ್ ಉಳಿದ ಸಾಲಗಳಿಗೆ ಅನ್ವಯಿಸುತ್ತದೆ, ದಾವೆಯಲ್ಲಿರುವ ಸಾಲ ಮಾತ್ರ ತೀರ್ಪಿನವರೆಗೆ ಹಾಗೆಯೇ ನಿಂತಿರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಉತ್ತರ ಕೊಡದ ಕಾರಣ ಏಕಪಕ್ಷೀಯ ತೀರ್ಪಾಯಿತು, ಮುಂದಿನ ವರ್ಷ ಹೊಸ ಕೆಲಸದ ಸಂಬಳದಿಂದ ಕಡಿತ ಶುರುವಾಯಿತು. ಸಂಬಳ ವಿಭಾಗದವರು ಕರೆದು ಆ ಆದೇಶವನ್ನು ಕೈಗೆ ಕೊಟ್ಟ ಗಳಿಗೆಯನ್ನು ನಾನು ಮರೆತಿಲ್ಲ. ನಾನು ವಂಚನೆ ಮಾಡಿದ್ದೆನೋ ಇಲ್ಲವೋ ಎಂಬುದನ್ನು ಯಾರೂ ವಿಚಾರಿಸಲೇ ಇಲ್ಲ, ಏಕೆಂದರೆ ಹೇಳಬೇಕಾದ ನಾನೇ ಸುಮ್ಮನಿದ್ದೆ.

ಕಡತ ಓದುವವಳು, ಸ್ಯಾಕ್ರಮೆಂಟೊ | ಜನವರಿ 30

ನಾನು ವಕೀಲಳಲ್ಲ, ದಿವಾಳಿ ವಕೀಲರ ಕಚೇರಿಯಲ್ಲಿ ಹದಿನಾಲ್ಕು ವರ್ಷ ಸಹಾಯಕಿಯಾಗಿದ್ದವಳು. ನಾನು ಬರೆದುದನ್ನು ವಕೀಲರೊಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ಮೊದಲು ದಿನಾಂಕಗಳು, ಏಕೆಂದರೆ ನಿಮ್ಮ ಎರಡೂ ಎಣಿಕೆ ತಪ್ಪಿವೆ ಮತ್ತು ಎರಡನೆಯದು ಅಪಾಯಕಾರಿ. ಸಾಲದಾತರ ಸಭೆಗೆ ಮೊದಲು ನಿಗದಿಯಾದ ದಿನದಿಂದ 60 ದಿನದೊಳಗೆ ದಾವೆ ಹೂಡಬೇಕೆಂಬುದು ದಿವಾಳಿ ನಿಯಮ 4007(ಸಿ). ಅರವತ್ತನೆಯ ದಿನವಾದ ಜನವರಿ 17 ಶನಿವಾರ. ಗಡುವಿನ ಕೊನೆಯ ದಿನ ಶನಿವಾರ, ಭಾನುವಾರ ಅಥವಾ ಸರ್ಕಾರಿ ರಜೆಯಾದರೆ ಗಡುವು ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಸೋಮವಾರ 19ನೆಯ ತಾರೀಖು ಮಾರ್ಟಿನ್ ಲೂಥರ್ ಕಿಂಗ್ ರಜೆ. ಹಾಗಾಗಿ ಗಡುವು ಮಂಗಳವಾರ 20ಕ್ಕೆ ಬಂದು ನಿಂತಿತು, ಅವರು ಅದೇ ದಿನ ದಾಖಲಿಸಿದ್ದಾರೆ. ಇದನ್ನು ತಡವೆಂದು ವಾದಿಸಬೇಡಿ. ಸೋಲುವ ವಾದವನ್ನು ಮುಂದಿಟ್ಟರೆ ಗೆಲ್ಲುವ ವಾದದ ತೂಕವೂ ಕಡಿಮೆಯಾಗುತ್ತದೆ.

ಇನ್ನು ಉತ್ತರದ ಗಡುವು. ಬೇರೆ ಸಿವಿಲ್ ದಾವೆಗಳಂತೆ ಇಲ್ಲಿ ಕಾಗದ ಕೈಸೇರಿದ ದಿನದಿಂದ ಎಣಿಕೆ ಇಲ್ಲ. ನಿಯಮ 7012ರ ಪ್ರಕಾರ ಸಮನ್ಸ್ ಹೊರಟ ದಿನದಿಂದಲೇ 30 ದಿನ. ಲಕೋಟೆಯ ಮೊದಲ ಕಾಗದವನ್ನು ನೋಡಿ; ಗುಮಾಸ್ತರ ಮುದ್ರೆಯ ಬಳಿ ದಿನಾಂಕವಿರುತ್ತದೆ. ಅದು ಜನವರಿ 21 ಆಗಿದ್ದರೆ ನಿಮ್ಮ ಕೊನೆಯ ದಿನ ಫೆಬ್ರವರಿ 20, ಶುಕ್ರವಾರ. ಫೆಬ್ರವರಿ 26 ಎಂದುಕೊಂಡು ಕುಳಿತಿದ್ದರೆ ಆರು ದಿನ ತಡವಾಗುತ್ತಿತ್ತು. ಅದೇ ಕಾಗದದಲ್ಲಿ ಮೊದಲ ಹಾಜರಾತಿಯ ದಿನವೂ ಇರುತ್ತದೆ, ಅದನ್ನೂ ಗುರುತು ಹಾಕಿಕೊಳ್ಳಿ.

ಈಗ ದಾವೆಯ ತಿರುಳು. ಅವರು ಹಿಡಿದಿರುವುದು ದಿವಾಳಿ ಸಂಹಿತೆಯ 523(ಎ)(2). ಅಲ್ಲಿ ಒಂದು ಪೂರ್ವಭಾವನೆ ಇದೆ: ಅರ್ಜಿಗೆ ಹಿಂದಿನ 90 ದಿನಗಳಲ್ಲಿ ಒಂದೇ ಸಾಲದಾತನಿಂದ 900 ಡಾಲರಿಗಿಂತ ಹೆಚ್ಚು ಮೊತ್ತದ ಐಷಾರಾಮಿ ಖರೀದಿ ಮಾಡಿದ್ದರೆ, ಅಥವಾ ಹಿಂದಿನ 70 ದಿನಗಳಲ್ಲಿ 1,250 ಡಾಲರಿಗಿಂತ ಹೆಚ್ಚು ನಗದು ಮುಂಗಡ ಪಡೆದಿದ್ದರೆ, ವಂಚನೆಯಿದೆ ಎಂದೇ ನ್ಯಾಯಾಲಯ ಆರಂಭದಲ್ಲಿ ಭಾವಿಸುತ್ತದೆ. 2025ರ ಏಪ್ರಿಲ್ 1ರಿಂದ ಸಲ್ಲಿಕೆಯಾದ ಅರ್ಜಿಗಳಿಗೆ ಇವೇ ಮೊತ್ತಗಳು. ನಿಮ್ಮ ಅರ್ಜಿಯ ದಿನದಿಂದ ಹಿಂದಕ್ಕೆ ಎಣಿಸಿದರೆ 90 ದಿನ ಜುಲೈ 16ಕ್ಕೆ, 70 ದಿನ ಆಗಸ್ಟ್ 5ಕ್ಕೆ ನಿಲ್ಲುತ್ತದೆ. ನೀವು ನಗದು ಪಡೆದದ್ದು ಜುಲೈ 28ರಂದು, ಅಂದರೆ 78 ದಿನ ಹಿಂದೆ. ಆ 2,000 ಡಾಲರಿಗೆ ಪೂರ್ವಭಾವನೆ ತಾಗುವುದೇ ಇಲ್ಲ. ಅವರು ಯಾವ ದಿನಾಂಕ ಬರೆದಿದ್ದಾರೆ ನೋಡಿ. ಸ್ಟೇಟ್‌ಮೆಂಟ್ ಮುಗಿಯುವ ದಿನವನ್ನೇ ವ್ಯವಹಾರದ ದಿನವೆಂದು ಬರೆದ ವಾದಪತ್ರಗಳನ್ನು ನಾನು ಕಂಡಿದ್ದೇನೆ.

ಟಿಕೆಟ್, ಸಮಾರಾಧನೆ, ಲ್ಯಾಪ್‌ಟಾಪ್ 90 ದಿನಗಳ ಒಳಗೇ ಇವೆ. ಆದರೆ ನಿಮ್ಮ ಅಥವಾ ನಿಮ್ಮ ಆಶ್ರಿತರ ಜೀವನಕ್ಕೆ ನ್ಯಾಯವಾಗಿ ಬೇಕಾದ ವಸ್ತು, ಸೇವೆಗಳು ಐಷಾರಾಮಿ ಆಗುವುದಿಲ್ಲವೆಂದು ಕಾನೂನಿನಲ್ಲೇ ಇದೆ. ಸಾಯುತ್ತಿರುವ ತಂದೆಯನ್ನು ನೋಡಲು ಹೊರಟ ಪ್ರಯಾಣವನ್ನು ವಿಹಾರವೆಂದು ಹೇಳಲು ವಕೀಲರಿಗೂ ಕಷ್ಟ, ಆದರೆ ಸ್ಟೇಟ್‌ಮೆಂಟಿನ ಸಾಲಿನಲ್ಲಿ ವಿಮಾನ ಕಂಪನಿಯ ಹೆಸರು ಇರುತ್ತದೆಯೇ ಹೊರತು ತಂದೆಯ ಹೆಸರು ಇರುವುದಿಲ್ಲ. ಅದನ್ನು ನೀವೇ ಹೇಳಬೇಕು. ಒಂದು ವೇಳೆ ಐಷಾರಾಮಿ ಎಂದಾದರೂ ಪೂರ್ವಭಾವನೆಯನ್ನು ಸಾಕ್ಷ್ಯ ಕೊಟ್ಟು ಅಲುಗಾಡಿಸಬಹುದು. ಅಲ್ಲಿಂದ ಮುಂದೆ ರುಜುವಾತಿನ ಹೊರೆ ಬ್ಯಾಂಕಿನದು. 1991ರ ಗ್ರೋಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಸಾಕ್ಷ್ಯದ ತೂಕ ಅವರ ಕಡೆಗೆ ವಾಲಬೇಕು.

ಅವರು ರುಜುವಾತು ಮಾಡಬೇಕಾದುದು ಏನು? ಕಾರ್ಡ್ ಉಜ್ಜಿದ ಆ ಗಳಿಗೆಯಲ್ಲಿ ತೀರಿಸುವ ಉದ್ದೇಶವೇ ನಿಮಗೆ ಇರಲಿಲ್ಲ ಎಂಬುದನ್ನು. ತೀರಿಸುವ ಶಕ್ತಿ ಇರಲಿಲ್ಲ ಎಂದರೆ ಸಾಲದು. ನಿಮ್ಮದು ಒಂಬತ್ತನೆಯ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ಸೇರಿದ ಪ್ರದೇಶ. ಅಲ್ಲಿ 1996ರ ಅನಾಸ್ತಾಸ್ ತೀರ್ಪು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ಈಶಾಯ್ ತೀರ್ಪು ಉದ್ದೇಶವನ್ನು ಅಳೆಯಲು ಹನ್ನೆರಡು ಅಂಶಗಳನ್ನು ಒಪ್ಪಿಕೊಂಡಿದೆ. ಖರ್ಚಿಗೂ ಅರ್ಜಿಗೂ ನಡುವಿನ ಕಾಲ, ಖರ್ಚಿಗೆ ಮೊದಲೇ ದಿವಾಳಿ ವಕೀಲರನ್ನು ಕಂಡಿದ್ದರೇ, ಮಿತಿ ಮೀರಿ ಬಳಸಿದ್ದರೇ, ಕೆಲಸ ಸಿಗುವ ಸಂಭವವಿತ್ತೇ, ಖರ್ಚಿನ ರೀತಿ ಏಕಾಏಕಿ ಬದಲಾಯಿತೇ, ಕೊಂಡದ್ದು ಅಗತ್ಯವೋ ಆಡಂಬರವೋ ಎಂಬಂಥವು ಅವು.

ಆ ಪಟ್ಟಿಯ ಪಕ್ಕದಲ್ಲಿ ನಿಮ್ಮ ಕತೆಯನ್ನಿಟ್ಟರೆ ನಾಲ್ಕು ಖರ್ಚುಗಳನ್ನು ಸಮರ್ಥಿಸಿಕೊಳ್ಳಬಹುದು ಎಂದೇ ನನ್ನ ಅನಿಸಿಕೆ. ಐದನೆಯದು, ಸೆಪ್ಟೆಂಬರ್ 27ರ ಬಟ್ಟೆ, ಮೊತ್ತದಲ್ಲಿ ಚಿಕ್ಕದಾದರೂ ನಿಮ್ಮ ಅತ್ಯಂತ ದುರ್ಬಲ ಜಾಗ, ಏಕೆಂದರೆ ಅದು ವಕೀಲರನ್ನು ಕಂಡು ಐದು ದಿನ ಕಳೆದ ಮೇಲಿನದು. ಅದನ್ನು ಮುಚ್ಚಿಡಬೇಡಿ.

ಕೆಲಸ ಹೋದ ಮೇಲೂ ಈ ಕಾರ್ಡಿಗೆ ಹಣ ಕಟ್ಟಿದ್ದೀರಾ? ಆಗ ಕೆಲಸ ಹುಡುಕುತ್ತಿದ್ದುದಕ್ಕೆ ದಾಖಲೆ ಇದೆಯೇ? ಮತ್ತೊಂದು ಮುಖ್ಯ ಪ್ರಶ್ನೆ: ತಂದೆಯವರು ತೀರಿಕೊಂಡದ್ದು ಅರ್ಜಿಗೆ ಮೊದಲು. ಅವರ ಹೆಸರಿನಲ್ಲಿ ಹಾಸನದಲ್ಲಿ ಮನೆ, ಜಮೀನು ಇದ್ದರೆ ನಿಮ್ಮ ಪಾಲು ಆಗಲೇ ನಿಮಗೆ ಬಂದಿರುತ್ತದೆ, ಅದನ್ನು ಆಸ್ತಿ ಪಟ್ಟಿಯಲ್ಲಿ ತೋರಿಸಿದ್ದೀರಾ? ಆಸ್ತಿ ಭೂಮಿಯ ಮೇಲೆ ಎಲ್ಲೇ ಇದ್ದರೂ ಪಟ್ಟಿಗೆ ಸೇರಬೇಕು. ಇದು ಬಿಟ್ಟುಹೋಗಿದ್ದರೆ ಬ್ಯಾಂಕಿನ 8,115 ಡಾಲರಿಗಿಂತ ದೊಡ್ಡ ತೊಂದರೆ, ಏಕೆಂದರೆ ಸುಳ್ಳು ಪ್ರಮಾಣವೆಂದಾದರೆ ಅದೇ ಸಂಹಿತೆಯ 727ರ ಅಡಿಯಲ್ಲಿ ಇಡೀ ಡಿಸ್ಚಾರ್ಜ್ ಅನ್ನೇ ಕಳೆದುಕೊಳ್ಳಬಹುದು.

ಹೇಮಾವತಿ ತೀರ, ಫ್ರೀಮಾಂಟ್ | ಜನವರಿ 31

ಮೇಡಂ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು. ಸಮನ್ಸಿನ ದಿನಾಂಕ ಜನವರಿ 21ರದೇ ಆಗಿದೆ. ವಾದಪತ್ರದ 14ನೆಯ ಕಂಡಿಕೆಯಲ್ಲಿ ನಗದು ಮುಂಗಡದ ದಿನ ಆಗಸ್ಟ್ 8 ಎಂದಿದೆ. ನನ್ನ ಸ್ಟೇಟ್‌ಮೆಂಟಿನಲ್ಲಿ ಆಗಸ್ಟ್ 8 ಬಿಲ್ ಮುಗಿದ ದಿನ, ವ್ಯವಹಾರದ ಸಾಲಿನಲ್ಲಿ ಜುಲೈ 28 ಎಂದೇ ಇದೆ. ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು.

ಆಗಸ್ಟ್ 20ರಂದು 400, ಸೆಪ್ಟೆಂಬರ್ 12ರಂದು 400 ಡಾಲರ್ ಇದೇ ಕಾರ್ಡಿಗೆ ಕಟ್ಟಿದ್ದೇನೆ. ಎರಡು ಕಂಪನಿಗಳಲ್ಲಿ ಕೊನೆಯ ಸುತ್ತಿನ ಸಂದರ್ಶನದವರೆಗೆ ಹೋಗಿದ್ದೆ. ಒಂದರಿಂದ ಸೆಪ್ಟೆಂಬರ್ 18ರಂದು, ಈ ಹುದ್ದೆಯನ್ನೇ ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂಬ ಇಮೇಲ್ ಬಂತು. ಅದಾದ ಮೇಲೆಯೇ ನಾನು ವಕೀಲರ ಬಳಿಗೆ ಹೋದದ್ದು. ಹಳೆಯ ಕಂಪನಿಯ ಲ್ಯಾಪ್‌ಟಾಪ್ ಹಿಂದಿರುಗಿಸಿದ ರಸೀದಿಯೂ ಇದೆ. ಹಾಸನದ ಮನೆ ಮೊದಲಿನಿಂದಲೂ ತಾಯಿಯವರ ಹೆಸರಿನಲ್ಲಿದೆ. ತಂದೆಯವರ ಬ್ಯಾಂಕ್ ಖಾತೆಯಲ್ಲಿದ್ದ ಹಣದಲ್ಲಿ ನನ್ನ ಪಾಲನ್ನು ವಕೀಲರು ಕೇಳಿ ಪಟ್ಟಿಯಲ್ಲಿ ಬರೆಸಿದ್ದಾರೆ.

ಒಂದು ಮಾತು ಮಾತ್ರ ಮನಸ್ಸಿಗೆ ತುಂಬಾ ನೋವು ಕೊಟ್ಟಿದೆ. ಸಮುದಾಯ ಭವನದ ಖರ್ಚನ್ನು 16ನೆಯ ಕಂಡಿಕೆಯಲ್ಲಿ ಔತಣಕೂಟ ಮತ್ತು ಮನರಂಜನೆ ಎಂದು ಬರೆದಿದ್ದಾರೆ. ಎಲೆ ಹಾಕಿ ಬಡಿಸುವಾಗ ಅಮ್ಮ ಒಳಗಿನ ಕೋಣೆಯಿಂದ ಹೊರಗೇ ಬರಲಿಲ್ಲ. ಅದನ್ನು ಮನರಂಜನೆ ಎಂದು ಓದಿದಾಗ ಕೈ ನಡುಗಿತು.

ಕೊಡಚಾದ್ರಿ, ಎಡಿಸನ್ | ಫೆಬ್ರವರಿ 1

ಉತ್ತರಪತ್ರ ಬರೆಯುವ ಬಗ್ಗೆ ನನ್ನ ಅನುಭವ. ನಾನು ವಕೀಲರಿಗೆ ಪೂರ್ಣ ಶುಲ್ಕ ಕೊಡಲಾಗದೆ, ಕೆಲವು ಗಂಟೆಗಳ ಸಲಹೆಗೆ ಮಾತ್ರ ಹಣ ಕೊಟ್ಟು ಉತ್ತರವನ್ನು ನಾನೇ ಸಲ್ಲಿಸಿದ್ದೆ. ವ್ಯಕ್ತಿಯೊಬ್ಬ ತನ್ನ ಪರವಾಗಿ ತಾನೇ ಹಾಜರಾಗಲು ಅವಕಾಶವಿದೆ, ಉತ್ತರ ಸಲ್ಲಿಸಲು ಶುಲ್ಕವಿಲ್ಲ.

ಉತ್ತರಪತ್ರವು ಕತೆ ಹೇಳುವ ಪತ್ರವಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ನನ್ನ ಮೊದಲ ಕರಡು ಏಳು ಪುಟವಿತ್ತು, ಅದರಲ್ಲಿ ಆರು ಪುಟ ನನ್ನ ಕಷ್ಟವೇ. ಸಲಹೆ ಕೊಟ್ಟ ವಕೀಲರು ಅದನ್ನು ಪಕ್ಕಕ್ಕಿಟ್ಟು, ವಾದಪತ್ರದ ಪ್ರತಿ ಕಂಡಿಕೆಯ ಸಂಖ್ಯೆಗೆ ಎದುರಾಗಿ ಒಪ್ಪುತ್ತೇನೆ, ಅಲ್ಲಗಳೆಯುತ್ತೇನೆ, ಇಲ್ಲವೇ ಇದರ ಬಗ್ಗೆ ನನಗೆ ಸಾಕಷ್ಟು ಮಾಹಿತಿ ಇಲ್ಲದ್ದರಿಂದ ಅಲ್ಲಗಳೆಯುತ್ತೇನೆ ಎಂದು ಬರೆಸಿದರು. ಅಲ್ಲಗಳೆಯದ ಕಂಡಿಕೆಯನ್ನು ಒಪ್ಪಿದಂತೆಯೇ ಲೆಕ್ಕ. ಒಂದೇ ಕಂಡಿಕೆಯಲ್ಲಿ ಎರಡು ಮಾತಿದ್ದರೆ ಒಡೆದು ಉತ್ತರಿಸಿ: ಸಮುದಾಯ ಭವನಕ್ಕೆ ಹಣ ಕೊಟ್ಟದ್ದು ನಿಜ, ಮನರಂಜನೆ ಎಂಬುದನ್ನು ಅಲ್ಲಗಳೆಯುತ್ತೇನೆ, ಅದು ತಂದೆಯ ಉತ್ತರಕ್ರಿಯೆಯ ಭಾಗ. ಕೊನೆಯಲ್ಲಿ ನಿಮ್ಮ ಪ್ರತಿವಾದಗಳು, ನಂತರ ದಿವಾಳಿ ನ್ಯಾಯಾಧೀಶರೇ ಅಂತಿಮ ತೀರ್ಪು ಕೊಡಲು ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ ಎಂಬ ಒಂದು ವಾಕ್ಯ ಇರಲೇಬೇಕು. ನಾನು ಅದನ್ನು ಬಿಟ್ಟು ಮತ್ತೆ ತಿದ್ದಿ ಕೊಡಬೇಕಾಯಿತು. ಉತ್ತರಪತ್ರದ ಒಂದು ಪ್ರತಿಯನ್ನು ಬ್ಯಾಂಕಿನ ವಕೀಲರಿಗೆ ಅಂಚೆಯಲ್ಲಿ ಕಳುಹಿಸಿ, ಕಳುಹಿಸಿದ್ದಕ್ಕೆ ಸಹಿ ಮಾಡಿದ ದೃಢೀಕರಣವನ್ನು ಜೊತೆಗಿಡಿ.

ಉತ್ತರ ಸಲ್ಲಿಸಿದ ಮೇಲೆ ನಿರಾಳರಾಗಬೇಡಿ. ಕೆಲವು ವಾರಗಳಲ್ಲಿ, ಇದನ್ನು ಒಪ್ಪಿಕೊಳ್ಳಿ, ಅದನ್ನು ಒಪ್ಪಿಕೊಳ್ಳಿ ಎಂಬ ಸಾಲುಗಳ ಪಟ್ಟಿಯೊಂದು ಬರಬಹುದು. ಸಾಮಾನ್ಯ ಕಾಗದದಂತೆ ಕಾಣುವ ಆ ಪಟ್ಟಿಗೆ 30 ದಿನದೊಳಗೆ ಉತ್ತರಿಸದಿದ್ದರೆ ಅದರಲ್ಲಿರುವ ಪ್ರತಿಯೊಂದು ಸಾಲನ್ನೂ ನೀವು ಒಪ್ಪಿದಂತಾಗುತ್ತದೆ. ಸಾಲ ಮಾಡುವಾಗ ತೀರಿಸುವ ಉದ್ದೇಶ ನನಗಿರಲಿಲ್ಲ ಎಂಬುದೂ ಅಂಥ ಒಂದು ಸಾಲಾಗಿರುತ್ತದೆ.

ಕಡತ ಓದುವವಳು, ಸ್ಯಾಕ್ರಮೆಂಟೊ | ಫೆಬ್ರವರಿ 1

ಎಡಿಸನ್ನಿನವರು ಬರೆದುದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ.

ಸಮಾರಾಧನೆಯ ವಿಷಯದಲ್ಲಿ ಅವರ ಮೇಲೆ ಕೋಪ ಬರುವುದು ಸಹಜ, ಆದರೆ ಅದನ್ನು ಬರೆದವರಿಗೆ ಕಂಡಿರುವುದು ಹಾಸನದ ಒಂದು ಸಭಾಂಗಣದ ಹೆಸರು ಮತ್ತು ಒಂದು ಮೊತ್ತ ಮಾತ್ರ. ಮರಣ ಪ್ರಮಾಣಪತ್ರ, ಉತ್ತರಕ್ರಿಯೆಗೆ ಅಚ್ಚು ಹಾಕಿಸಿದ ಕಾರ್ಡು, ಭವನದ ರಸೀದಿ, ಆಸ್ಪತ್ರೆಗೆ ಹಣ ಕಟ್ಟಿದ ಚೀಟಿ, ತಮ್ಮನಿಗೆ ಹಣ ಹೋದ ದಾಖಲೆ, ಇವಿಷ್ಟನ್ನೂ ತರಿಸಿಕೊಳ್ಳಿ. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲ, ಪ್ರಕರಣಕ್ಕೆ ಸಂಬಂಧವಿಲ್ಲದ ಒಬ್ಬರು ಅನುವಾದಿಸಿ, ಇದು ನಿಷ್ಠೆಯ ಅನುವಾದವೆಂದು ಪ್ರಮಾಣ ಮಾಡಿ ಸಹಿ ಹಾಕಲಿ. ಆ ಕಾರ್ಡಿನ ಮೇಲೆ ತಂದೆಯವರ ಭಾವಚಿತ್ರವೂ ತೀರಿಕೊಂಡ ದಿನವೂ ಇರುತ್ತದಲ್ಲ, ನೀವು ಪುಟಗಟ್ಟಲೆ ಬರೆಯುವುದಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಇನ್ನೊಂದು ಅಸ್ತ್ರ ನಿಮ್ಮ ಕೈಯಲ್ಲಿದೆ. ಗ್ರಾಹಕ ಸಾಲದ ಮೇಲೆ ಸಾಲದಾತರು ತಕ್ಕ ಆಧಾರವಿಲ್ಲದೆ ಇಂಥ ದಾವೆ ಹೂಡಿ ಸೋತರೆ, ವಿಶೇಷ ಕಾರಣಗಳಿಲ್ಲದ ಹೊರತು ನಿಮ್ಮ ವಕೀಲರ ಶುಲ್ಕವನ್ನು ಅವರೇ ಕೊಡಬೇಕೆಂದು 523(ಡಿ) ಹೇಳುತ್ತದೆ. ಉತ್ತರಪತ್ರದಲ್ಲಿ ಅದನ್ನು ಕೇಳಿಕೊಳ್ಳಿ. ಪ್ರತಿವಾದಿ ಸುಮ್ಮನಿರುತ್ತಾನೆ ಇಲ್ಲವೇ ಹೆದರಿ ರಾಜಿಗೆ ಬರುತ್ತಾನೆ ಎಂಬ ಲೆಕ್ಕದಲ್ಲೇ ಇಂಥ ಎಷ್ಟೋ ದಾವೆಗಳು ಹುಟ್ಟುತ್ತವೆ ಎಂಬುದು ನನ್ನ ಇಷ್ಟು ವರ್ಷದ ಅನುಭವ. ಅಂಚೆಪೆಟ್ಟಿಗೆಗೆ ಬಿದ್ದ ಒಂದು ಸರಿಯಾದ ಉತ್ತರ ಆ ಲೆಕ್ಕವನ್ನು ಬದಲಾಯಿಸುತ್ತದೆ.

ನಿಮ್ಮ ವಕೀಲರೊಡನೆ ಉತ್ತರಪತ್ರವನ್ನು ಪರಿಶೀಲಿಸುವಷ್ಟಕ್ಕೆ ಮಾತ್ರ ಶುಲ್ಕ ಮಾತಾಡಿ ನೋಡಿ. ನ್ಯಾಯಾಲಯದ ಜಾಲತಾಣದಲ್ಲಿ ಉಚಿತ ನೆರವಿನ ವಿವರಗಳಿವೆಯೇ ಎಂದೂ ಹುಡುಕಿ.

ಕಬಿನಿ, ಡಾಲಸ್ | ಫೆಬ್ರವರಿ 3

ನಡುವೆ ಪ್ರವೇಶಿಸುವುದಕ್ಕೆ ಕ್ಷಮೆ ಇರಲಿ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಪೌರತ್ವವಿಲ್ಲದವರಿಗೆ ದಿವಾಳಿ ಅರ್ಜಿಯೂ ಈ ರಕ್ಷಣೆಗಳೂ ಇವೆಯೇ? ಕಳೆದ ಏಪ್ರಿಲ್‌ನಲ್ಲಿ ಆದಾಯ ತೆರಿಗೆಯ ಬಾಕಿಯನ್ನು ಕಾರ್ಡಿನಲ್ಲಿ ಕಟ್ಟಿದ್ದೆ, ಅದೂ ಮನ್ನಾ ಆಗುತ್ತದೆಯೇ?

ಕಡತ ಓದುವವಳು, ಸ್ಯಾಕ್ರಮೆಂಟೊ | ಫೆಬ್ರವರಿ 3

ಅರ್ಜಿಗೆ ಪೌರತ್ವ ಬೇಕಿಲ್ಲ. ಇಲ್ಲಿ ವಾಸ, ವ್ಯಾಪಾರ ಅಥವಾ ಆಸ್ತಿ ಇದ್ದರೆ ಸಾಕು. ವೀಸಾದ ಮೇಲಿನ ಪರಿಣಾಮವನ್ನು ವಲಸೆ ವಕೀಲರಲ್ಲೇ ಕೇಳಿ. ತೆರಿಗೆಯ ಮಾತು ಬೇರೆ. ಮನ್ನಾ ಆಗದ ತೆರಿಗೆಯನ್ನು ಕಟ್ಟಲು ಮಾಡಿದ ಸಾಲವೂ ಚಾಪ್ಟರ್ 7ರಲ್ಲಿ ಮನ್ನಾ ಆಗುವುದಿಲ್ಲ, ಅದಕ್ಕೆ ವಂಚನೆಯ ಪ್ರಶ್ನೆಯೇ ಬರುವುದಿಲ್ಲ. ಕಂತುಗಳಲ್ಲಿ ಸಾಲ ತೀರಿಸುವ ಚಾಪ್ಟರ್ 13ರಲ್ಲಿ ಕಂತುಗಳನ್ನೆಲ್ಲ ಮುಗಿಸಿದವರಿಗೆ ಆ ನಿರ್ಬಂಧವಿಲ್ಲ, ಆದ್ದರಿಂದ ಅರ್ಜಿಗೆ ಮೊದಲೇ ಈ ವಿಷಯವನ್ನು ವಕೀಲರಿಗೆ ಹೇಳಿ.

ಹೇಮಾವತಿ ತೀರ, ಫ್ರೀಮಾಂಟ್ | ಫೆಬ್ರವರಿ 18

ಇಂದು ಬೆಳಿಗ್ಗೆ ಓಕ್‌ಲ್ಯಾಂಡ್ ನ್ಯಾಯಾಲಯದ ಕೌಂಟರಿನಲ್ಲಿ ಉತ್ತರಪತ್ರ ಕೊಟ್ಟು, ಮುದ್ರೆ ಹಾಕಿಸಿದ ಪ್ರತಿಯನ್ನು ಮನೆಗೆ ತಂದೆ. ಎರಡು ದಿನ ಮೊದಲೇ ಕೊಟ್ಟಿದ್ದೇನೆ. ವಕೀಲರು 600 ಡಾಲರಿಗೆ ಪರಿಶೀಲಿಸಿ ಕೊಟ್ಟರು. 14ನೆಯ ಕಂಡಿಕೆಗೆ ಸ್ಟೇಟ್‌ಮೆಂಟಿನ ಪುಟವನ್ನೇ ಲಗತ್ತಿಸಿ, ವ್ಯವಹಾರದ ದಿನ ಜುಲೈ 28 ಎಂದು ಬರೆದೆ. ಸೆಪ್ಟೆಂಬರ್ 27ರ ಖರೀದಿಯನ್ನು ಮಾಡಿದ್ದು ನಿಜವೆಂದು ಒಪ್ಪಿಕೊಂಡೆ, ವಂಚನೆ ಎಂಬುದನ್ನು ಅಲ್ಲಗಳೆದೆ. ಉತ್ತರಕ್ರಿಯೆಯ ಕಾರ್ಡನ್ನು ತಮ್ಮ ಅಮ್ಮನ ಪೆಟ್ಟಿಗೆಯಿಂದ ಹುಡುಕಿ ಕಳುಹಿಸಿದ. ಇಲ್ಲಿನ ಕನ್ನಡ ಶಾಲೆಯ ಶಿಕ್ಷಕಿಯೊಬ್ಬರು ಹಣ ಪಡೆಯದೆ ಅನುವಾದ ಮಾಡಿ ಸಹಿ ಹಾಕಿದರು. ವೈಕುಂಠ ಸಮಾರಾಧನೆ ಎಂಬುದಕ್ಕೆ ಅವರು ಮೂರು ಸಾಲಿನ ವಿವರಣೆ ಬರೆಯಬೇಕಾಯಿತು.

ಹೇಮಾವತಿ ತೀರ, ಫ್ರೀಮಾಂಟ್ | ಏಪ್ರಿಲ್ 9

ವಿಷಯ ಇತ್ಯರ್ಥವಾಗಿದೆ. ಮಾರ್ಚ್ ಎರಡನೆಯ ವಾರದಲ್ಲಿ ಎಡಿಸನ್ನಿನವರು ಹೇಳಿದ್ದ ಪಟ್ಟಿ ಬಂತು, ಹತ್ತನೆಯ ದಿನವೇ ದಾಖಲೆಗಳ ಸಮೇತ ಉತ್ತರ ಕಳುಹಿಸಿದೆ. ಅದಾದ ವಾರದೊಳಗೆ ಬ್ಯಾಂಕಿನ ವಕೀಲರು ನಮ್ಮ ವಕೀಲರಿಗೆ ಕರೆ ಮಾಡಿ, 1,500 ಡಾಲರಿಗೆ ಮುಗಿಸೋಣವೆಂದರು. ನಾನು ಒಪ್ಪಲಿಲ್ಲ. ಸೆಪ್ಟೆಂಬರ್ 27ರ 318 ಡಾಲರನ್ನು ಕೊಡುತ್ತೇನೆ, ಅದು ನನ್ನ ಮನಸ್ಸಿಗೂ ಸರಿ ಕಾಣುತ್ತದೆ, ಉಳಿದ ನಾಲ್ಕರಲ್ಲಿ ಒಂದು ಡಾಲರನ್ನೂ ಕೊಡುವುದಿಲ್ಲ ಎಂದು ತಿಳಿಸಿದೆ. ಮೂರು ದಿನಗಳ ನಂತರ ಒಪ್ಪಿದರು. ಎರಡೂ ಕಡೆಯವರ ಸಹಿ ಇರುವ ಕಾಗದ ಸಲ್ಲಿಕೆಯಾಗಿ ನ್ಯಾಯಾಧೀಶರ ಆದೇಶವೂ ಬಂದಿದೆ. ಶುಲ್ಕಕ್ಕಾಗಿ 523(ಡಿ) ಹಿಡಿದು ಮುಂದುವರಿಯಬಹುದಿತ್ತೆಂದು ವಕೀಲರು ಹೇಳಿದರು, ಆದರೆ ಅದಕ್ಕೆ ವಿಚಾರಣೆಯವರೆಗೆ ಹೋಗಬೇಕಿತ್ತು. ಮುಂದಿನ ವಾರದಿಂದ ಹೊಸ ಕೆಲಸ, ಆದ್ದರಿಂದ ಇಲ್ಲಿಗೆ ನಿಲ್ಲಿಸಿದೆ.

ಕಡತ ಓದುವವಳು, ಸ್ಯಾಕ್ರಮೆಂಟೊ | ಏಪ್ರಿಲ್ 9

ಬಹಳ ಸಂತೋಷವಾಯಿತು. ಒಂದೇ ಒಂದು ವಿಷಯ ನೋಡಿ ಹೇಳಿ: ಅದೇ ದಾವೆಯನ್ನು ಮತ್ತೆ ಹೂಡಲು ಅವಕಾಶವಿಲ್ಲದಂತೆ ವಜಾ ಮಾಡಲಾಗಿದೆ ಎಂದು ಆದೇಶದಲ್ಲಿ ಬರೆದಿದೆಯೇ? ಬರೆದಿಲ್ಲದಿದ್ದರೆ 318 ಡಾಲರಿನ ಚೆಕ್ಕನ್ನು ಇನ್ನೂ ಕಳುಹಿಸಬೇಡಿ.

ಹೇಮಾವತಿ ತೀರ, ಫ್ರೀಮಾಂಟ್ | ಏಪ್ರಿಲ್ 10

ಇದೆ ಮೇಡಂ, ಎರಡನೆಯ ಪುಟದ ಮೂರನೆಯ ಸಾಲಿನಲ್ಲಿ. ಚೆಕ್ಕನ್ನು ಇಂದು ಮಧ್ಯಾಹ್ನ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ. ರಸೀದಿಯನ್ನು ಆದೇಶದ ಹಿಂದೆ ಪಿನ್ ಮಾಡಿಟ್ಟಿದ್ದೇನೆ.